ಕಡಲು ಕಾಣದ ಬಂದರು

ಮಂಗಳೂರಿನ ಬಂದರಿನಲ್ಲಿ ನಿಂತವನಿಗೆ ಕಡಲು ಕಾಣಿಸದು. ಈ ಮಾತನ್ನು ನಮ್ಮ ಬಯಲುಸೀಮೆಯ ಗೆಳೆಯರಿಗೆ ಹೇಳಿದರೆ ಅವರು ನಂಬುವುದಿಲ್ಲ. ಬಂದರೆಂದ ಮೇಲೆ ಕಡಲಿರಬೇಕು, ಕಡಲಿದ್ದ ಮೇಲೆ ಅದು ಕಣ್ಣಿಗೆ ಬೀಳಬೇಕು ಎಂಬುದು ಅವರ ತರ್ಕ. ಸಂಗತಿ ಹಾಗಿಲ್ಲ. ಘಟ್ಟದ ಕಡೆಯಿಂದ ಇಳಿದುಬರುವ ಗುರುಪುರ ಹೊಳೆಯು ನೆಟ್ಟಗೆ ಪಡುವಣಕ್ಕೆ ಹರಿದು ಕಡಲನ್ನು ಸೇರುವ ಬದಲು, ದಡ ಇನ್ನೇನು ಹತ್ತಿರವಾಯಿತೆನ್ನುವಾಗ ಏನನ್ನೋ ನೆನೆಸಿಕೊಂಡಂತೆ ತೆಂಕಣಕ್ಕೆ ಹೊರಳುತ್ತದೆ. ಕೆಲವು ಮೈಲಿ ಕಡಲಿನ ಪಕ್ಕದಲ್ಲಿಯೇ ಸಾಗಿ, ನೇತ್ರಾವತಿಯನ್ನು ಕೂಡಿಕೊಂಡು, ಇಬ್ಬರೂ ಒಂದೇ ಅಳಿವೆಬಾಗಿಲಿನಿಂದ ಅರಬ್ಬೀ ಸಮುದ್ರಕ್ಕೆ ಬೀಳುತ್ತಾರೆ. ಹೊಳೆಗೂ ಕಡಲಿಗೂ ನಡುವೆ ಉಳಿದ ಮರಳಿನ ನೀಳವಾದ ನಾಲಗೆಗೆ ಬೆಂಗ್ರೆ ಎಂದು ಹೆಸರು. ಅಲ್ಲಿ ತೆಂಗಿನ ಮರಗಳಿವೆ, ಬಲೆಯನ್ನು ಒಣಗಹಾಕಿದ ಮೀನುಗಾರರ ಮನೆಗಳಿವೆ. ಬಂದರೆಂಬ ಕೇರಿ ಇರುವುದು ಹೊಳೆಯ ಈಚೆಯ ದಡದಲ್ಲಿ. ಹಗಲೆಲ್ಲ ಲಾರಿಗಳ ಸದ್ದು. ರಾತ್ರಿ ಅಂಗಡಿಗಳ ಕದ ಮುಚ್ಚಿದ ಮೇಲೆ, ಪಡುಗಾಳಿ ಬೀಸಿದರೆ, ಬೆಂಗ್ರೆಯ ಆಚೆಗಿನ ತೆರೆಗಳ ಮೊರೆತ ಮಾತ್ರ ಕಿವಿಗೆ ಬರುತ್ತದೆ. ಸಾವಿರ ವರ್ಷ ಕಡಲನ್ನು ನಂಬಿ ಬದುಕಿದ ಕೇರಿ ಕಡಲಿನ ಮುಖವನ್ನು ನೋಡದೆ, ಅದರ ಸದ್ದನ್ನು ಕೇಳಿಕೊಂಡೇ ಇದ್ದಿತು ಎಂದರೆ ತಪ್ಪಾಗದು.

ನನ್ನ ಊರು ಎಮ್ಮಿಗನೂರು. ಕರ್ನೂಲು ಜಿಲ್ಲೆಯಲ್ಲಿ ನೇಕಾರಿಕೆಗೆ ಹೆಸರಾದ ಇನ್ನೊಂದು ಎಮ್ಮಿಗನೂರು ಉಂಟು, ಅದಲ್ಲ. ನಮ್ಮದು ಕಂಪ್ಲಿಯ ಮಗ್ಗುಲಿನದು, ತುಂಗಭದ್ರೆಯ ಕಾಲುವೆಯ ನೀರು ಕುಡಿದು ಭತ್ತ ಬೆಳೆಯುವ ಊರು. ನಮಗೆ ನೀರೆಂದರೆ ಕಾಲುವೆ, ದೋಣಿಯೆಂದರೆ ಹರಿಗೋಲು. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೂಡ ಆ ಬುಟ್ಟಿಯಂಥ ದೋಣಿಯನ್ನು ಆನೆಗೊಂದಿಯ ಬಳಿ ಕಂಡು ಬರೆದಿಟ್ಟಿದ್ದಾನೆ. ಹುಟ್ಟು ಹಾಕಿದರೆ ಮುಂದಕ್ಕೆ ಹೋಗುವುದಕ್ಕಿಂತ ಹೆಚ್ಚಾಗಿ ತನ್ನ ಸುತ್ತಲೂ ತಾನೇ ತಿರುಗುವ ವಾಹನವದು. ಅಂಥದರಲ್ಲಿ ಕುಳಿತು ಬೆಳೆದವನಿಗೆ ಬಂದರು, ಹಡಗು, ಅಳಿವೆ ಎಂಬುವೆಲ್ಲ ಪುಸ್ತಕದ ಶಬ್ದಗಳು.

ಎಂಟು ವರ್ಷಗಳ ಹಿಂದೆ ಕಾಲೇಜಿನ ಕೆಲಸದ ಮೇಲೆ ಮಂಗಳೂರಿಗೆ ಬಂದಾಗ ಬಾಡಿಗೆಯ ಮನೆಗಾಗಿ ನಗರದ ಗುಡ್ಡಗಳ ಮೇಲಿನ ಒಳ್ಳೆಯ ಬಡಾವಣೆಗಳನ್ನೆಲ್ಲ ಸುತ್ತಿದೆ. ಎಲ್ಲ ಕಡೆಯೂ ಒಂದೇ ಪ್ರಶ್ನಪತ್ರಿಕೆ. ತಾವು ಯಾವ ಕಡೆಯವರು? ಯಾವ ಪೈಕಿ? ಊಟೋಪಚಾರ ಹೇಗೆ? ನನ್ನ ಉತ್ತರಗಳನ್ನು ಕೇಳಿದ ಮೇಲೆ, ಮನೆ ನಿನ್ನೆಯೇ ಬೇರೆಯವರಿಗೆ ಆಗಿಹೋಯಿತು ಎಂದು ಬಹಳ ವಿನಯದಿಂದ ತಿಳಿಸುವರು. ಕೊನೆಗೆ ಕೋಣೆಯೊಂದು ದೊರಕಿದ್ದು ಬಂದರಿನಲ್ಲಿ, ಒಣಮೆಣಸಿನಕಾಯಿಯ ಮಂಡಿಯೊಂದರ ಉಪ್ಪರಿಗೆಯಲ್ಲಿ. ಮಂಡಿಯ ಯಜಮಾನರು ವೃದ್ಧರು. ಅವರೂ ಪ್ರಶ್ನೆ ಕೇಳಿದರು, ಎರಡೇ ಪ್ರಶ್ನೆ. ಬಾಡಿಗೆ ತಿಂಗಳ ಮೊದಲ ವಾರದಲ್ಲಿಯೇ ಸಲ್ಲುವುದಷ್ಟೆ? ಮೆಣಸಿನ ಘಾಟಿಗೆ ಕೆಮ್ಮು ಬರುವುದಿಲ್ಲವಷ್ಟೆ? ನಾನು ಬಳ್ಳಾರಿಯ ಕಡೆಯವನು ಎಂದೆ. ಹಾಗಾದರೆ ಎರಡನೆಯ ಪ್ರಶ್ನೆ ಬಿಟ್ಟುಬಿಡಿ ಎಂದು ನಕ್ಕು ಬೀಗದ ಕೈ ಕೊಟ್ಟರು.

ಮದುವೆಯಾಗುವ ತನಕ ಎರಡು ವರ್ಷ ಆ ಉಪ್ಪರಿಗೆಯಲ್ಲಿದ್ದೆ. ಈಗ ಬೇರೆಡೆ ಮನೆ ಮಾಡಿದ್ದರೂ ಭಾನುವಾರ ಬೆಳಗ್ಗೆ ಕಾಲು ಅತ್ತಲೇ ಹೊರಳುತ್ತದೆ. ಹಂಪನಕಟ್ಟೆಯಿಂದ ಇಳಿಜಾರು. (ಆ ಹೆಸರು ಕೇಳಿ ನಮ್ಮ ಹಂಪೆಗೂ ಅದಕ್ಕೂ ಏನಾದರೂ ನಂಟಿರಬಹುದೆಂದು ಯಾರೂ ಆಸೆಪಡಬೇಕಾಗಿಲ್ಲ, ದಾರಿಹೋಕರಿಗೆ ನೀರು ಕೊಡುತ್ತಿದ್ದ ಅಪ್ಪಣ್ಣನೆಂಬವನ ಕಟ್ಟೆ ಹಾಗಾಯಿತೆಂದು ಊರವರ ಹೇಳಿಕೆ.) ರಥಬೀದಿಯ ವೆಂಕಟರಮಣ ದೇವಸ್ಥಾನ, ಕೊಂಕಣಿಗರ ಚಿನ್ನದಂಗಡಿ, ಹೂವಿನಂಗಡಿಗಳನ್ನು ದಾಟಿದರೆ ಬೀದಿಗಳು ಕಿರಿದಾಗುತ್ತವೆ, ವಾಸನೆಗಳು ಹಿರಿದಾಗುತ್ತವೆ. ನೆಲ್ಲಿಕಾಯಿ ರಸ್ತೆ, ಅಜೀಜುದ್ದೀನ್ ರಸ್ತೆ, ಬೀಬಿ ಅಲಾಬಿ ರಸ್ತೆ. ಇಬ್ಬದಿಯಲ್ಲಿಯೂ ಹೆಂಚಿನ ಮಾಡಿನ ಹಳೆಯ ಉಗ್ರಾಣಗಳು. ಕಣ್ಣು ಮುಚ್ಚಿಕೊಂಡು ನಡೆದರೂ ದಾರಿ ತಪ್ಪದು. ಮೆಣಸಿನಕಾಯಿ ಕಳೆದು ಬೆಲ್ಲ, ಬೆಲ್ಲ ಕಳೆದು ಅಡಕೆ, ಅಡಕೆ ಕಳೆದು ಒಣಮೀನು. ಒಣಮೀನಿನ ಬೀದಿಯ ಕೊನೆಗೆ ಧಕ್ಕೆ, ಹೊಳೆ. ಧಕ್ಕೆಯಲ್ಲಿ ಬೆಳಗಿನ ಜಾವಕ್ಕೆಲ್ಲ ಮೀನಿನ ಏಲ. ಬಂಗುಡೆ, ಬೂತಾಯಿ, ಅಂಜಲ್, ಸಿಗಡಿಗಳ ರಾಶಿಗಳ ನಡುವೆ ಮೊಗವೀರ ಹೆಂಗಸರು ಬುಟ್ಟಿ ಹಿಡಿದು ನಿಂತಿರುತ್ತಾರೆ. ಒಬ್ಬ ಬ್ಯಾರಿಯಲ್ಲಿ ಕೂಗುತ್ತಾನೆ, ಒಬ್ಬಳು ತುಳುವಿನಲ್ಲಿ ಬೆಲೆ ಏರಿಸುತ್ತಾಳೆ, ಇನ್ನೊಬ್ಬ ಮಲೆಯಾಳದಲ್ಲಿ ಬೈಯುತ್ತಾನೆ, ಲೆಕ್ಕ ಬರೆಯುವವನು ಕನ್ನಡದಲ್ಲಿ ಬರೆಯುತ್ತಾನೆ. ಯಾರಿಗೂ ಅರ್ಥವಾಗದೆ ಉಳಿದದ್ದನ್ನು ನಾನು ಕಾಣೆ.

ಊರಿಗೇ ಒಂದು ಹೆಸರಿಲ್ಲ ಎಂಬುದು ಈ ಭಾಷೆಗಳ ಇನ್ನೊಂದು ಸೊಗಸು. ತುಳುವರಿಗೆ ಇದು ಕುಡ್ಲ, ಕೊಂಕಣಿಗರಿಗೆ ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ, ಮಲೆಯಾಳಿಗಳಿಗೆ ಮಂಗಳಾಪುರ. ಮಂಗಳೂರೆಂಬುದು ಕನ್ನಡದವರಾದ ನಮ್ಮ ಪಾಲು. ಬಂದರು ಎಂಬ ಶಬ್ದವಾದರೋ ಪಾರಸಿಯದು. ಇಲ್ಲಿಯ ಬೀಗಕ್ಕೆ ಹಾಕುವ ಚಾವಿ ಪೋರ್ಚುಗೀಸರದು. ದಲಾಲಿಯೂ ಅರಬ್ಬಿ, ಅವನು ವ್ಯಾಪಾರ ಕುದುರಿಸಿದ ಮೂಟೆಯನ್ನು ಹೊರುವ ಹಮಾಲನೂ ಅರಬ್ಬಿ. ಇಬ್ಬರೂ ನಮ್ಮ ಭಾಷೆಗೆ ಇಂಥ ಧಕ್ಕೆಗಳಲ್ಲಿಯೇ ಇಳಿದು ಘಟ್ಟ ಹತ್ತಿದವರು. ಕಿಟ್ಟೆಲರ ಕನ್ನಡ ನಿಘಂಟು ೧೮೯೪ರಲ್ಲಿ ಈ ಮಂಗಳೂರಿನಲ್ಲಿ ಅಚ್ಚಾಯಿತಷ್ಟೆ. ಅದನ್ನು ಎಂ.ಎ. ತರಗತಿಯಲ್ಲಿ ಪಂಪನ ಶಬ್ದಗಳಿಗಾಗಿ ತಿರುವಿದ್ದೆ. ಹಮಾಲನಿಗಾಗಿ ತಿರುವುವ ಬುದ್ಧಿ ಬಂದದ್ದು ಬಂದರಿಗೆ ಬಂದ ಮೇಲೆ.

ಹೀಗೆ ಬಂದು ಸೇರಿದವರ ಪೈಕಿ ನಮಗೆ ಹೆಸರು ತಿಳಿದಿರುವ ಹಳಬನೊಬ್ಬನ ಕಥೆ ವಿಚಿತ್ರವಾದದ್ದು. ಕೈರೋ ನಗರದ ಹಳೆಯ ಭಾಗದಲ್ಲಿ ಯಹೂದ್ಯರ ಒಂದು ಪ್ರಾರ್ಥನಾಮಂದಿರವಿದೆ. ದೇವರ ಹೆಸರಿರಬಹುದಾದ ಕಾಗದವನ್ನು ಹರಿದು ಬಿಸಾಡಬಾರದೆಂಬ ನಿಯಮದಿಂದ ಅಲ್ಲಿಯವರು ಹಳೆಯ ಕಾಗದಪತ್ರಗಳನ್ನೆಲ್ಲ ಒಂದು ಕೋಣೆಗೆ ತುಂಬುತ್ತ ಬಂದರು. ಶತಮಾನಗಳ ಮೇಲೆ ಆ ಕೋಣೆಯನ್ನು ಬರಿದುಮಾಡಿದಾಗ, ಅರಬ್ಬೀ ಭಾಷೆಯಲ್ಲಿ, ಹೀಬ್ರೂ ಲಿಪಿಯಲ್ಲಿ ಬರೆದ ವ್ಯಾಪಾರದ ಓಲೆಗಳು ರಾಶಿಯಾಗಿ ಹೊರಬಂದವು. ಅವುಗಳಲ್ಲಿ ಕೆಲವು ಮಂಗಳೂರಿಗೆ ಬಂದ ಓಲೆಗಳು. ಟ್ಯುನೀಸಿಯದ ಕಡೆಯವನಾದ ಅಬ್ರಹಾಂ ಬೆನ್ ಯಿಜು ಎಂಬ ವರ್ತಕ ೧೧೩೨ರ ವೇಳೆಗೆ ಮಂಗಳೂರಿಗೆ ಬಂದು ನೆಲಸಿ, ಹದಿನೇಳು ವರ್ಷ ಇದ್ದು, ೧೧೪೯ರಲ್ಲಿ ಮರಳಿ ಏಡನ್ನಿಗೆ ಹೋದ. ಇಲ್ಲಿ ಅವನು ಕಂಚಿನ ಕಾರ್ಖಾನೆ ನಡೆಸಿದ. ಏಡನ್ನಿನ ಗೆಳೆಯರು ಒಡೆದ ಪಾತ್ರೆಗಳನ್ನು ಹಡಗಿನಲ್ಲಿ ಕಳಿಸುವರು. ಮಂಗಳೂರಿನ ಕಂಚುಗಾರರು ಅವನ್ನು ಕರಗಿಸಿ ಹೊಸ ಪಾತ್ರೆ ಮಾಡಿಕೊಡುವರು. ಇಲ್ಲಿಂದ ಮೆಣಸು, ಏಲಕ್ಕಿ, ಅಡಕೆ, ಕಬ್ಬಿಣ. ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದ. ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿ ಅವಳೊಡನೆ ಸಂಸಾರ ಹೂಡಿದ.

ನನ್ನ ಮನಸ್ಸು ತಂಗುವುದು ಬೆನ್ ಯಿಜುವಿನ ಮೇಲಲ್ಲ, ಅವನ ಆಳಿನ ಮೇಲೆ. ೧೧೪೮ರಲ್ಲಿ ಏಡನ್ನಿನ ವರ್ತಕನೊಬ್ಬ ಬರೆದ ಓಲೆಯಲ್ಲಿ, ಸರಕಿನ ಲೆಕ್ಕ, ಮುಳುಗಿದ ಹಡಗಿನ ಸುದ್ದಿ ಎಲ್ಲ ಮುಗಿದ ಮೇಲೆ, ಬೆನ್ ಯಿಜುವಿನ ಆಳಿಗೂ ನಮಸ್ಕಾರ ತಿಳಿಸಬೇಕೆಂಬ ಮಾತಿದೆ. ಆ ಆಳಿನ ಹೆಸರಾಗಿ ಓಲೆಗಳಲ್ಲಿ ಮೂರು ವ್ಯಂಜನಗಳು ಮಾತ್ರ ಇದ್ದುವು. ಕಾದಂಬರಿಕಾರ ಅಮಿತಾವ್ ಘೋಷ್ ಅದರ ಬೆನ್ನು ಹತ್ತಿ ಮಂಗಳೂರಿಗೆ ಬಂದು, ತುಳು ವಿದ್ವಾಂಸರಾದ ಬಿ. ಎ. ವಿವೇಕ ರೈಯವರ ನೆರವಿನಿಂದ ಅದು ಬೊಮ್ಮ ಎಂದು ನಿರ್ಧರಿಸಿದ. ೧೯೯೨ರಲ್ಲಿ ಪ್ರಕಟವಾದ ಅವನ ‘ಇನ್ ಆ್ಯನ್ ಆಂಟಿಕ್ ಲ್ಯಾಂಡ್’ ಪುಸ್ತಕದಲ್ಲಿ ಈ ಶೋಧದ ಕಥೆ ಇದೆ. ಬೊಮ್ಮ! ನಮ್ಮ ಊರಿನ ಹೊಲಗಳಲ್ಲಿ ಕರೆದರೆ ಇಂದಿಗೂ ಯಾರಾದರೂ ಓಗೊಡುವ ಹೆಸರು. ಯಜಮಾನನ ಸರಕನ್ನು ಹಡಗಿಗೇರಿಸಿಕೊಂಡು ಏಡನ್ನಿಗೆ ಹೋಗಿ ವ್ಯವಹಾರ ಮುಗಿಸಿ ಬಂದ ಈ ಬೊಮ್ಮನು ಜನ್ನ, ಹರಿಹರರಿಗಿಂತ ಹಿರಿಯ. ಅರಸರೂ ಜೈನಮುನಿಗಳೂ ಮಾತ್ರ ಹೆಸರುಳಿಸಿಕೊಂಡ ಕಾಲದಲ್ಲಿ ಮೂಟೆಯ ಲೆಕ್ಕದ ಕೊನೆಗೆ ಒಂದು ನಮಸ್ಕಾರದ ಬಲದಿಂದ ಒಬ್ಬ ಆಳು ಎಂಟುನೂರು ವರ್ಷ ಉಳಿದುಕೊಂಡ. ಕಾಲೇಜಿನಲ್ಲಿ ಶಾಸನ ಪಾಠ ಮಾಡುವಾಗಲೆಲ್ಲ ನಾನು ಈ ಕಥೆ ಹೇಳುತ್ತೇನೆ. ಪರೀಕ್ಷೆಗೆ ಬರುವುದೇ ಸಾರ್ ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೇಳಿಯೇ ಕೇಳುತ್ತಾನೆ.

ಬೊಮ್ಮನ ಕಾಲಕ್ಕೆ ಇನ್ನೂರು ವರ್ಷ ಕಳೆದು, ೧೩೪೨ರ ಸುಮಾರಿಗೆ, ಇಬ್ನ್ ಬತೂತ ಇಲ್ಲಿಗೆ ಬಂದ. ಪಾರಸಿ ಮತ್ತು ಯೆಮನ್ ದೇಶಗಳ ವರ್ತಕರು ಇಳಿಯುವ ಊರಿದು, ಮೆಣಸು ಶುಂಠಿಗಳಿಗೆ ಕೊರತೆಯಿಲ್ಲ, ಊರ ಮಗ್ಗುಲಲ್ಲಿ ನಾಲ್ಕು ಸಾವಿರದಷ್ಟು ಮುಸಲ್ಮಾನರ ಕೇರಿಯಿದೆ ಎಂದು ಬರೆದಿದ್ದಾನೆ. ಜೊತೆಗೆ ಇನ್ನೊಂದು ಮಾತನ್ನೂ ಹೇಳಿದ್ದಾನೆ. ನಮ್ಮ ಉತ್ಸವಭಾಷಣಗಳಲ್ಲಿ ಅದನ್ನು ಯಾರೂ ಎತ್ತುವುದಿಲ್ಲ. ಆ ಕೇರಿಯವರಿಗೂ ಊರವರಿಗೂ ಆಗಾಗ ಕಾದಾಟವಾಗುತ್ತಿತ್ತಂತೆ. ವರ್ತಕರು ತನಗೆ ಬೇಕಾದವರೆಂಬ ಕಾರಣದಿಂದ ಅರಸನು ನಡುವೆ ಬಂದು ಸಂಧಿ ಮಾಡಿಸುತ್ತಿದ್ದನಂತೆ. ಬಂದರಿನ ಇತಿಹಾಸದಲ್ಲಿ ನನಗೆ ಬಹಳ ಹಿಡಿಸಿದ ವಾಕ್ಯವಿದು. ಇಲ್ಲಿಯ ಜನ ಒಬ್ಬರನ್ನೊಬ್ಬರು ಅಪ್ಪಿಕೊಂಡೇ ಇದ್ದರೆಂದು ಹೇಳುವ ಸವಿಮಾತಿಗಿಂತ ಇದು ಹೆಚ್ಚು ನಂಬಿಕೆಗೆ ಅರ್ಹ. ಪ್ರೀತಿ ಇದ್ದಿರಬಹುದು, ಇಲ್ಲದೆಯೂ ಇದ್ದಿರಬಹುದು. ಅಗತ್ಯವಂತೂ ಇತ್ತು. ಮಂಡಿಯ ಯಜಮಾನರು ನನಗೆ ಎರಡೇ ಪ್ರಶ್ನೆ ಕೇಳಿದ್ದು ಔದಾರ್ಯದಿಂದಲೇ ಎಂದು ನಾನು ಹೇಳಲಾರೆ. ಮೂರನೆಯ ಪ್ರಶ್ನೆ ಅವರ ವ್ಯಾಪಾರಕ್ಕೆ ಬೇಕಾಗಿರಲಿಲ್ಲ.

ಇನ್ನು ನೂರು ವರ್ಷ ಕಳೆದರೆ ನಮ್ಮ ಸೀಮೆಯ ಕಥೆಯೂ ಈ ಧಕ್ಕೆಗೆ ಬಂದು ತಗುಲುತ್ತದೆ. ೧೪೪೩ರಲ್ಲಿ ಪಾರಸಿ ರಾಯಭಾರಿ ಅಬ್ದುಲ್ ರಜಾಕ್ ಕಲ್ಲಿಕೋಟೆಯಿಂದ ಕಡಲ ದಾರಿಯಲ್ಲಿ ಬಂದು ಮಂಗಳೂರಿನಲ್ಲಿ ಇಳಿದ. ವಿಜಯನಗರದ ಸೀಮೆ ಇಲ್ಲಿಂದ ಮೊದಲಾಗುತ್ತದೆಂದು ಗುರುತು ಹಾಕಿಕೊಂಡ. ಎರಡು ಮೂರು ದಿನ ತಂಗಿದ್ದು, ಘಟ್ಟ ಹತ್ತಿ, ಪ್ರೌಢದೇವರಾಯನ ರಾಜಧಾನಿಯನ್ನು ಸೇರಿ ಮಹಾನವಮಿಯನ್ನು ಕಂಡ. ನಾವು ಹುಡುಗರಾಗಿ ಸೈಕಲ್ ತುಳಿದುಕೊಂಡು ಹೋಗಿ ಕುಳಿತು ಬುತ್ತಿ ಬಿಚ್ಚುತ್ತಿದ್ದ ಆ ಮಹಾನವಮಿ ದಿಬ್ಬದ ಗೋಡೆಗಳಲ್ಲಿ ಕುದುರೆಗಳ ಸಾಲು ಇದೆ, ಅವನ್ನು ಹಿಡಿದು ತರುವ ಪರದೇಶಿ ವರ್ತಕರ ಸಾಲೂ ಇದೆ. ಕಲ್ಲಿನ ಕುದುರೆ ಎಲ್ಲಿಂದ ಬಂತು ಎಂದು ಆಗ ಯಾರೂ ಕೇಳಿರಲಿಲ್ಲ. ಹೊರ್ಮುಜಿನಿಂದ ಹಡಗೇರಿ ಗೋವೆ, ಭಟಕಳ, ಮಂಗಳೂರುಗಳಂಥ ಪಡುವಣ ಬಂದರುಗಳಲ್ಲಿ ಇಳಿದು ಬಂದವು ಅವು. ಸಾಳುವ ನರಸಿಂಹನು ಕುದುರೆ ಸತ್ತರೂ ಹಣ ಕೊಡುತ್ತಿದ್ದನೆಂದೂ, ಕಡಲಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೆ ಸಾಕಾಗಿತ್ತೆಂದೂ ನ್ಯೂನಿಜ್ ಬರೆದಿದ್ದಾನೆ. ಬಾಲಕ್ಕೆ ಬೆಲೆ ಕಟ್ಟುವಷ್ಟು ಕುದುರೆಯ ಹಸಿವು! ತುಂಗಭದ್ರೆಯ ದಡದ ಸಾಮ್ರಾಜ್ಯವೊಂದು ತಾನು ಕಾಣದ ಕಡಲಿನ ಮೇಲೆ ಹೀಗೆ ನಿಂತಿದ್ದಿತು.

ಮುಂದಿನ ಮೂರು ಶತಮಾನಗಳನ್ನು ಓದುಗರು ಪಠ್ಯಪುಸ್ತಕಗಳಲ್ಲಿ ಓದಿಯೇ ಇರುವುದರಿಂದ ಬೇಗ ದಾಟುತ್ತೇನೆ. ೧೫೨೬ರಲ್ಲಿ ಪೋರ್ಚುಗೀಸರು ಬಂದರು. ಆಮೇಲೆ ಕೆಳದಿಯವರು, ಹೈದರ್, ಟೀಪು. ೧೭೮೪ರ ಮಾರ್ಚ್ ೧೧ರಂದು ಟೀಪುವಿಗೂ ಕಂಪೆನಿಗೂ ನಡೆದ ಸಂಧಿಗೆ ಈ ಊರಿನದೇ ಹೆಸರು. ಹೊಳೆಯ ಮೇಲ್ಗಡೆ ಬೋಳೂರಿನಲ್ಲಿ ಹಡಗುಗಳನ್ನು ಕಾಯಲು ಅವನು ಕಟ್ಟಿಸಿದ ಬತ್ತೇರಿ ಇದೆ. ಬಂದರಿನ ನಡುವಿನ ಜೀನತ್ ಬಕ್ಷ್ ಮಸೀದಿ ಮಾಲಿಕ್ ದೀನಾರರ ಕಾಲದ್ದೆಂದು ಪ್ರತೀತಿ. ಅದನ್ನು ಜೀರ್ಣೋದ್ಧಾರ ಮಾಡಿಸಿದವನೂ ಟೀಪುವೇ. ಅದರ ಒಳಗಿನ ಮರಗೆಲಸವನ್ನು ನೋಡಿದರೆ ಕೆತ್ತಿದ ಕೈಗಳು ನಮ್ಮ ನಾಡಿನ ಬಸದಿ ಗುಡಿಗಳ ಕೈಗಳೇ ಎಂದು ತಟ್ಟನೆ ಹೊಳೆಯುತ್ತದೆ. ೧೭೯೯ರ ಮೇಲೆ ಇಂಗ್ಲಿಷರು. ೧೮೩೭ರಲ್ಲಿ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ದಂಡೆದ್ದ ಅಮರಸುಳ್ಯದ ರೈತರು ಮಂಗಳೂರನ್ನು ಹಿಡಿದಾಗ, ದೊರೆಗಳು ಕಣ್ಣಾನೂರಿಗೆ ಪಲಾಯನ ಮಾಡಿದ್ದೂ ಕಡಲ ದಾರಿಯಿಂದಲೇ.

ದೊರೆಗಳಿಗಿಂತ ಹೆಂಚು ನನಗೆ ಹೆಚ್ಚು ಪರಿಚಿತ. ೧೮೩೪ರಲ್ಲಿ ಬಂದ ಬಾಸೆಲ್ ಮಿಶನ್ನಿನವರು ೧೮೪೩ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡ ಪತ್ರಿಕೆಗಳಿಗೆ ನಾಂದಿ ಹಾಡಿದರೆಂಬುದನ್ನು ಎಲ್ಲರೂ ಬಲ್ಲರು. ೧೮೬೫ರಲ್ಲಿ ಅದೇ ಮಿಶನ್ನಿನ ಪ್ಲೆಬ್ಸ್ಟ್ ಎಂಬವನು ನೇತ್ರಾವತಿಯ ದಡದ ಜಪ್ಪಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ. ಹೊಳೆಯ ಜೇಡಿ, ಘಟ್ಟದ ಸೌದೆ, ಬಂದರಿನ ಹಡಗು ಮೂರೂ ಕೂಡಿ ಮಂಗಳೂರು ಹೆಂಚು ಏಡನ್, ಬಸ್ರಾ, ಪೂರ್ವ ಆಫ್ರಿಕಗಳಿಗೆ ಹೋಯಿತು. ಮಣ್ಣಿನ ಮಾಳಿಗೆಯ ಮನೆಗಳೇ ತುಂಬಿದ ನಮ್ಮ ಊರಿನಲ್ಲಿ ನಾನು ಅಕ್ಷರ ಕಲಿತ ಶಾಲೆಯೊಂದಕ್ಕೆ ಹೆಂಚು ಹೊದೆಸಿತ್ತು. ಪಾಠ ಬೇಸರವಾದಾಗ ತಲೆಯೆತ್ತಿ ಅದರ ಒಳಮೈಯ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದುತ್ತಿದ್ದೆ. ಮಂಗಳೂರು ಎಂಬ ಊರಿದೆಯೆಂದು ನನಗೆ ಮೊದಲು ಹೇಳಿದವನು ಮೇಷ್ಟ್ರಲ್ಲ, ಆ ಹೆಂಚು.

ಆ ಕಾಲದಲ್ಲಿ ಕೊಡಗು, ಚಿಕ್ಕಮಗಳೂರುಗಳ ಕಾಫಿ ಎತ್ತಿನ ಗಾಡಿಗಳಲ್ಲಿ ಘಟ್ಟವಿಳಿದು ಇಲ್ಲಿ ಹದವಾಗಿ ಹಡಗೇರುತ್ತಿತ್ತು. ೧೯೦೭ರಲ್ಲಿ ಕಲ್ಲಿಕೋಟೆಯ ಕಡೆಯಿಂದ ರೈಲು ಬಂತು. ಆದರೂ ಅಳಿವೆಬಾಗಿಲಿನ ಮರಳದಿಬ್ಬ ಮಾತ್ರ ಯಾರ ಮಾತನ್ನೂ ಕೇಳಲಿಲ್ಲ. ದೊಡ್ಡ ಹಡಗುಗಳು ಹೊರಗೆ ಕಡಲಿನಲ್ಲಿಯೇ ಲಂಗರು ಹಾಕಬೇಕು. ಸರಕನ್ನು ದೋಣಿಗಳಲ್ಲಿ ಹೊತ್ತು ಅಲ್ಲಿಗೆ ಮುಟ್ಟಿಸಬೇಕು. ಮಳೆಗಾಲದಲ್ಲಿ ಅದೂ ಇಲ್ಲ. ಕೊನೆಗೆ ಪಣಂಬೂರಿನಲ್ಲಿ ಹೊಸ ಬಂದರನ್ನು ಕಟ್ಟಿ, ೧೯೭೪ರಲ್ಲಿ ಅದನ್ನು ಭಾರಿ ಬಂದರೆಂದು ಘೋಷಿಸಿ, ೧೯೭೫ರ ಜನವರಿಯಲ್ಲಿ ಉದ್ಘಾಟಿಸಿದರು. ಹಡಗುಗಳೆಲ್ಲ ಅತ್ತ ಹೋದುವು. ಹಳೆಯ ಕೇರಿಗೆ ಉಳಿದದ್ದು ಮೂರು: ಮೀನು, ಮಂಡಿ ಮತ್ತು ಮಂಜಿ.

ಮಂಜಿಯೆಂದರೆ ಲಕ್ಷದ್ವೀಪಕ್ಕೆ ಹೋಗುವ ಮರದ ನಾವೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್ ಮುಂತಾದ ಬಡಗಣ ದ್ವೀಪಗಳು ೧೯೫೬ರ ತನಕ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದುವೆಂಬುದನ್ನು ಇಂದು ಎಷ್ಟು ಮಂದಿ ಬಲ್ಲರೋ! ಅಲ್ಲಿಯವರು ತೆಂಗಿನ ನಾರಿನ ಹಗ್ಗ ತಂದು ಸರಕಾರಕ್ಕೆ ಕೊಟ್ಟು ಅಕ್ಕಿ ಒಯ್ಯುತ್ತಿದ್ದ ಕಾಲವಿತ್ತು. ದ್ವೀಪಗಳು ಬೇರೆಯಾದರೂ ನಂಟು ಕಡಿಯಲಿಲ್ಲ. ಇಂದಿಗೂ ಮಳೆಗಾಲ ಕಳೆದೊಡನೆ ಮಂಜಿಗಳು ಅಕ್ಕಿ, ತರಕಾರಿ, ಇಟ್ಟಿಗೆ, ಜಲ್ಲಿ, ಕೆಲವೊಮ್ಮೆ ದನಕರುಗಳನ್ನೂ ಹೇರಿಕೊಂಡು ಹೋಗುತ್ತವೆ. ಮನೆ ಕಟ್ಟುವ ಕಲ್ಲನ್ನೂ ಕಡಲು ದಾಟಿಸಿಕೊಳ್ಳಬೇಕಾದ ಜನರನ್ನು ನೆನೆದರೆ, ಕಲ್ಲಿನ ನಡುವೆಯೇ ಹುಟ್ಟಿದ ಹಂಪೆಯ ಕಡೆಯವನಿಗೆ ನಗುವೂ ಬರುತ್ತದೆ, ಮರುಕವೂ ಬರುತ್ತದೆ.

ಇಷ್ಟು ಹೇಳಿದ್ದು ನಮ್ಮ ದೊಡ್ಡಪ್ಪನ ಮಗನ ಮಾತಿಗೆ ಬರುವುದಕ್ಕಾಗಿ. ನನಗಿಂತ ಆರು ವರ್ಷ ದೊಡ್ಡವನು. ೨೦೦೦ದ ಮೇಲೆ ಸಂಡೂರು, ಹೊಸಪೇಟೆಗಳ ಗುಡ್ಡಗಳ ಅದಿರಿಗೆ ಚೀನದಲ್ಲಿ ಬೆಲೆ ಬಂದಿತಷ್ಟೆ. ಭತ್ತದ ಗದ್ದೆಯನ್ನು ಒತ್ತೆಯಿಟ್ಟು ಲಾರಿ ಕೊಂಡವರು ನಮ್ಮ ಸೀಮೆಯಲ್ಲಿ ಊರಿಗೆ ಹತ್ತು ಜನ. ಇವನೂ ಒಬ್ಬ. ಸಂಡೂರಿನ ಕೆಂಪು ಮಣ್ಣು ಹೇರಿಕೊಂಡು ಘಟ್ಟವಿಳಿದು, ನಾನ್ನೂರು ಕಿಲೋಮೀಟರಿನ ಆಸುಪಾಸು ನಡೆಸಿ, ಪಣಂಬೂರಿನಲ್ಲಿ ಸುರಿದು ಬರುವನು. ಅರಸರ ಕಾಲದಲ್ಲಿ ಕಡಲಿನಿಂದ ಕುದುರೆ ಮೇಲಕ್ಕೆ ಬಂದ ದಾರಿಯಲ್ಲಿ ಈಗ ಗುಡ್ಡವೇ ಕೆಳಕ್ಕೆ ಇಳಿಯತೊಡಗಿತು. ಮನೆಗೆ ಬಂದಾಗ ಅವನ ಹುಬ್ಬಿನ ಕೂದಲೂ ಕೆಂಪು. ಮನೆಯಲ್ಲಿ ದುಡ್ಡು ಕಂಡದ್ದೂ ನಿಜ, ನನ್ನ ಎಂ.ಎ. ಶುಲ್ಕದ ಒಂದು ಕಂತನ್ನು ಕಟ್ಟಿದವನು ಅವನೇ. ೨೦೧೦ರ ಜುಲೈಯಲ್ಲಿ ರಾಜ್ಯ ಸರಕಾರ ಅದಿರಿನ ರಫ್ತನ್ನು ನಿಲ್ಲಿಸಿತು. ಮರುವರ್ಷದ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ತಡೆಯಿತು. ಕಾಡಿಗೂ ಗುಡ್ಡಕ್ಕೂ ಅದು ಬೇಕಾಗಿದ್ದ ತಡೆಯೇ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಲಾರಿ ಸಾಲದ ಕಂತು ಕೋರ್ಟಿನ ತಡೆಗೆ ನಿಲ್ಲುವ ವಸ್ತುವಲ್ಲ. ಸಾಲ ಕೊಟ್ಟವರು ಲಾರಿಯನ್ನು ಒಯ್ದರು. ಊರಿನಲ್ಲಿ ಮುಖ ತೋರಿಸಲಾರದೆ ಅವನು ೨೦೧೨ರಲ್ಲಿ, ತನಗೆ ದಾರಿ ಗೊತ್ತಿದ್ದ ಒಂದೇ ಒಂದು ಊರಿಗೆ ಹೊರಟುಬಂದ. ಇಂದು ಅವನು ಬಂದರಿನಲ್ಲಿ ಹಮಾಲ.

ಅವನೊಬ್ಬನೇ ಅಲ್ಲ. ಮುಂಜಾನೆ ಧಕ್ಕೆಯ ಬಳಿ ನಿಂತರೆ ಕೊಪ್ಪಳ, ಗದಗ, ಬಾಗಲಕೋಟೆ, ಬಳ್ಳಾರಿಗಳ ಕನ್ನಡ ಕಿವಿಗೆ ಬೀಳುತ್ತದೆ. ಮೀನಿನ ದೋಣಿಗಳ ಮೇಲೆ ಆಂಧ್ರ, ಒಡಿಶಾಗಳವರು. ಜೂನ್ ಒಂದರಿಂದ ಜುಲೈ ಮೂವತ್ತೊಂದರ ತನಕ ಅರುವತ್ತೊಂದು ದಿನ ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ಅರ್ಧ ಕೇರಿ ಊರಿಗೆ ಹೋಗಿರುತ್ತದೆ. ಉಳಿದವರು ಮಂಡಿಗಳ ಜಗಲಿಯಲ್ಲಿ ಕುಳಿತು ಮಳೆ ಎಣಿಸುತ್ತಾರೆ. ನಮ್ಮಲ್ಲಿ ವರ್ಷವೆಲ್ಲ ಬೀಳದಷ್ಟು ಮಳೆ ಇಲ್ಲಿ ಒಂದು ಜೂನಿನಲ್ಲಿ ಬಿದ್ದುಹೋಗುತ್ತದೆ. ಮೊದಲ ವರ್ಷ ಅದನ್ನು ಕಂಡು ಅಣ್ಣ ಹೇಳಿದ್ದು: “ಇಷ್ಟು ನೀರು ಸುಮ್ಮನೆ ಹೊಳಿಗೆ ಹೋಗ್ತೈತಲ್ಲೋ, ಒಂದು ಕಾಲುವೆ ಇಲ್ಲಲ್ಲೋ!” ಲಾರಿಯ ಕಾಲದಲ್ಲಿ ನೂರಾರು ಸಲ ಮಂಗಳೂರಿಗೆ ಬಂದಿದ್ದರೂ ಅವನು ಸಮುದ್ರವನ್ನು ನೋಡಿರಲಿಲ್ಲ. ಅದಿರು ಸುರಿದು ಚೀಟಿ ಪಡೆದು ಹಿಂತಿರುಗುವ ಅವಸರ. ಬಂದರಿಗೆ ಬಂದು ಸೇರಿದ ಮೇಲೆಯೂ ನೋಡಲಿಲ್ಲ, ಇಲ್ಲಿಂದ ಕಾಣುವುದೇ ಇಲ್ಲವಲ್ಲ. ಕೊನೆಗೆ ಹೆಂಡತಿ ಮಗು ಬಂದ ಮೇಲೆ ಅವರ ಕಾಟಕ್ಕೆ ಒಂದು ಸಂಜೆ ದೋಣಿಯಲ್ಲಿ ಬೆಂಗ್ರೆಗೆ ದಾಟಿ, ಕಡಲನ್ನು ನೋಡಿ ಬಂದ. ಹೇಗಿತ್ತೆಂದು ಕೇಳಿದೆ. “ದೊಡ್ಡದೈತಿ” ಎಂದ. ಅದಕ್ಕಿಂತ ಉತ್ತಮವಾದ ವರ್ಣನೆಯನ್ನು ನಮ್ಮ ಮಹಾಕಾವ್ಯಗಳ ಅಷ್ಟಾದಶ ವರ್ಣನೆಗಳಲ್ಲಿ ಕಂಡವನಲ್ಲ ನಾನು.

ಈಗಿನ ತೊಡಕು ಬೇರೆ. ದೊಡ್ಡಪ್ಪ ತೀರಿಕೊಂಡ ಮೇಲೆ ದೊಡ್ಡಮ್ಮ ಎಮ್ಮಿಗನೂರಿನಲ್ಲಿ ಒಬ್ಬಳೇ. ಕಾಲುವೆಯ ಕೆಳಗಿನ ಎರಡು ಎಕರೆ ಹೇಗೋ ಒತ್ತೆಯಿಂದ ಬಿಡುಗಡೆಯಾಗಿದೆ. ಬಂದುಬಿಡು ಎಂದು ಊರಿನಿಂದ ವಾರವಾರವೂ ಕರೆ. ಇತ್ತ ಮಗಳಿಗೆ ಹನ್ನೊಂದು ವರ್ಷ. ಇಲ್ಲಿಯ ಸರಕಾರಿ ಶಾಲೆಯಲ್ಲಿ ಓದುತ್ತಾಳೆ. ಅಪ್ಪನೊಡನೆ ನಮ್ಮ ಕನ್ನಡ, ಶಾಲೆಯಲ್ಲಿ ಪುಸ್ತಕದ ಕನ್ನಡ, ಬೀದಿಯಲ್ಲಿ ತುಳು, ನೆರೆಮನೆಯ ಗೆಳತಿಯೊಡನೆ ಬ್ಯಾರಿ. ನಾಲ್ಕನ್ನೂ ಕಲಸದೆ ಆಡುವ ಅವಳ ನಾಲಗೆಯನ್ನು ಕಂಡು ಭಾಷಾಶಾಸ್ತ್ರ ಓದಿದ ನಾನು ಸುಮ್ಮನಾಗುತ್ತೇನೆ. ಎಮ್ಮಿಗನೂರಿಗೆ ಹೋಗೋಣವೇನೇ ಎಂದರೆ, ಯಾರ ಮನೆಗೆ ಎಂದು ಕೇಳುತ್ತಾಳೆ.

ಕೇರಿಯೂ ಮೊದಲಿನಂತಿಲ್ಲ. ನಾನಿದ್ದ ಉಪ್ಪರಿಗೆಯ ಮಂಡಿಯನ್ನು ಯಜಮಾನರ ಮಕ್ಕಳು ಕೆಡವಿದ್ದಾರೆ. ತೇಗದ ತೊಲೆಗಳು ಒಳ್ಳೆಯ ಬೆಲೆಗೆ ಹೋದುವಂತೆ. ಒಂದೊಂದೇ ಉಗ್ರಾಣ ಹೀಗೆ ಇಳಿಯುತ್ತಿದೆ. ನಗರದಲ್ಲಿ ಎಲ್ಲಿಯಾದರೂ ಗಲಭೆಯ ಸುದ್ದಿ ಹುಟ್ಟಿತೆಂದರೆ ಬಂದರಿನಲ್ಲಿ ಕದಗಳು ಮಧ್ಯಾಹ್ನವೇ ಬೀಳುತ್ತವೆ. ದೊಡ್ಡ ಬೀದಿಗಳ ಪ್ರಶ್ನಪತ್ರಿಕೆ ಈ ಇಳಿಜಾರಿನಲ್ಲಿಯೂ ನಿಧಾನವಾಗಿ ಇಳಿದುಬರುತ್ತಿದೆ. ಹೊಸ ಕಟ್ಟಡವೊಂದರಲ್ಲಿ ಅಣ್ಣ ಕೋಣೆ ಕೇಳಿದಾಗ ಅವನಿಗೂ ಯಾವ ಪೈಕಿ ಎಂದರಂತೆ. ಇಬ್ನ್ ಬತೂತನ ಅರಸ ಕಾದಾಟವನ್ನು ನಿಲ್ಲಿಸಿದ್ದು ಹಡಗಿನ ಮೇಲಣ ಆಸೆಯಿಂದ. ಹಡಗು ಪಣಂಬೂರಿಗೆ ಹೋದ ಮೇಲೆ ಈ ಕೇರಿಗೆ ಯಾರು ಬೇಕು, ಎಷ್ಟು ಬೇಕು ಎಂಬುದನ್ನು ಯೋಚಿಸಿದರೆ ಒಮ್ಮೊಮ್ಮೆ ಅಳುಕಾಗುತ್ತದೆ. ಆದರೆ ಮಂಡಿಗೆ ಬೆನ್ನು ಬೇಕೇ ಬೇಕು. ಮೂಟೆ ಹೊರುವ ಬೆನ್ನಿಗೆ ಧಕ್ಕೆಯಲ್ಲಿ ಇನ್ನೂ ಯಾರೂ ಪೈಕಿ ಕೇಳಿಲ್ಲ ಎಂದು ಅಣ್ಣ ಹೇಳುತ್ತಾನೆ. ಸದ್ಯಕ್ಕೆ ಅದನ್ನು ನಂಬಿದ್ದೇನೆ.

ಕಳೆದ ಮಳೆಗಾಲ ಮುಗಿದ ಮೇಲೆ ಅಮಿನಿಗೆ ಹೊರಟ ಮೊದಲ ಮಂಜಿಗೆ ಅವನ ತಂಡವೇ ಅಕ್ಕಿ ತುಂಬಿತು. ಹಲಗೆಯ ಮೇಲೆ ಹೆಜ್ಜೆಯಿಟ್ಟು ಮೂಟೆ ಇಳಿಸುವಾಗ ಚೀಲದ ಮೇಲಿನ ಅಚ್ಚನ್ನು ನೋಡಿದನಂತೆ: ಗಂಗಾವತಿಯ ಗಿರಣಿ. ನಮ್ಮ ಹೊಳೆಯ ಆಚೆ ದಡ. ರಾತ್ರಿ ಊರಿಗೆ ಫೋನು ಮಾಡಿದಾಗ, ಯಾವಾಗ ಬರುತ್ತಿ ಎಂಬ ಮಾತು ಹೊರಡುವ ಮೊದಲೇ ದೊಡ್ಡಮ್ಮನಿಗೆ ಈ ಸುದ್ದಿ ಹೇಳಿದ. ನಾನೂ ಅಲ್ಲಿಯೇ ಕುಳಿತಿದ್ದೆ. ಅದು ಯಾವ ಊರಿಗೆ ಹೋಗುತ್ತದೆ ಎಂದು ಮುದುಕಿ ಕೇಳಿದಳು. ಕಡಲಿನೊಳಗೆ ಒಂದು ಊರಿದೆ, ಅಲ್ಲಿಗೆ ಎಂದ. ಅಲ್ಲಿ ಭತ್ತ ಬೆಳೆಯುವುದಿಲ್ಲವೇನೋ ಎಂದಳು. ತೆಂಗು ಬಿಟ್ಟರೆ ಬೇರೇನೂ ಇಲ್ಲವಂತೆ ಎಂದ. ಆಚೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ.

“ಹಂಗಾದ್ರೆ ಚಲೋ ನೋಡಿ ತುಂಬು” ಎಂದಳು. “ನೀರಿನ ಮ್ಯಾಲೆ ಹೋಗೋದು, ಚೀಲ ಹರಿದಿದ್ರೆ ಹೊಲೆದು ಹಾಕು.”